ಹಳೇ ಪ್ಯಾಂಟೋಗ್ರಾಫ್ ಯಂತ್ರದಲ್ಲಿ ಕನ್ನಡ ಹೆಸರು ಕೊರೆಯುವುದು ಹೇಗೆ?

[ದೃಶ್ಯ: ಹಿತ್ತಾಳೆ ಫಲಕದ ಮೇಲೆ ಕಟ್ಟರ್ ಇಳಿಯುತ್ತಿದೆ. ಮೋಟರ್ ಸದ್ದು.]

ನಮಸ್ಕಾರ. ಈ ಯಂತ್ರದಲ್ಲಿ ಕಂಪ್ಯೂಟರ್ ಇಲ್ಲ. ಒಂದು ಮೋಟರ್, ಒಂದು ಬೆಲ್ಟ್, ನಾಲ್ಕು ತೋಳು, ಅಷ್ಟೇ. ಇದರಲ್ಲಿ ಇವತ್ತು ‘ಲಕ್ಷ್ಮೀ ನಿಲಯ’ ಅಂತ ಒಂದು ಮನೆ ಫಲಕ ಕೊರೆಯೋಣ. ಈ ಹೆಸರನ್ನೇ ಯಾಕೆ ತೆಗೆದುಕೊಂಡೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ನಾಲ್ಕು ತೋಳು ಸೇರಿ ಒಂದು ಸಮಾಂತರ ಚತುರ್ಭುಜ. ಈ ಕಡೆ ಸ್ಟೈಲಸ್, ಅಂದರೆ ಮೊಳೆಯಂಥ ಕಡ್ಡಿ. ಆ ಕಡೆ ತಿರುಗುವ ಕಟ್ಟರ್. ದೊಡ್ಡ ಅಕ್ಷರದ ಮೇಲೆ ಸ್ಟೈಲಸ್ ಆಡಿಸಿದರೆ ಕಟ್ಟರ್ ಅದೇ ಅಕ್ಷರವನ್ನು ಸಣ್ಣದಾಗಿ ಕೊರೆಯುತ್ತದೆ. 1603ರಲ್ಲಿ ಕ್ರಿಸ್ಟೋಫ್ ಶೈನರ್ ಎಂಬ ಜೆಸ್ಯೂಟ್ ಪಾದ್ರಿ ಚಿತ್ರ ನಕಲು ಮಾಡಲು ಇದನ್ನು ಕಟ್ಟಿದರು. 1885ರಲ್ಲಿ ಅಮೆರಿಕದ ಲಿನ್ ಬಾಯ್ಡ್ ಬೆಂಟನ್ ಇದೇ ಉಪಾಯದಿಂದ ಅಚ್ಚುಮೊಳೆಯ ಪಂಚ್, ಅಂದರೆ ಅಕ್ಷರದ ಮೂಲ ಅಚ್ಚು, ಕೊರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು.

[ದೃಶ್ಯ: ತೋಳಿನ ಮೇಲಿನ ಅಳತೆ ಗೆರೆಗಳು]

ಹಳೇ ಯಂತ್ರ ಕೊಳ್ಳುವವರಿಗೆ ಒಂದು ಮಾತು. ಡೆಕೆಲ್, ಟೇಲರ್ ಹಾಬ್ಸನ್, ಗೋರ್ಟನ್, ಯಾವ ಕಂಪನಿಯದೇ ಆಗಲಿ, ಮೊದಲು ಸ್ಟೈಲಸ್ಸನ್ನು ಒಂದು ಕಡೆ ಗಟ್ಟಿ ಹಿಡಿದು ಸ್ಪಿಂಡಲ್, ಅಂದರೆ ಕಟ್ಟರನ್ನು ತಿರುಗಿಸುವ ದಂಡ, ಅಲ್ಲಾಡಿಸಿ. ಅಲ್ಲಾಡಿದರೆ ಕೀಲಿನ ಬೇರಿಂಗ್ ಸವೆದಿದೆ. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ, ಕೀಲು ಸವೆದಿದ್ದರೆ ಬೇಡ. ಕಟ್ಟರನ್ನು ಬಿಗಿಯಾಗಿ ಹಿಡಿಯುವ ಕಾಲೆಟ್‌ಗಳು ಜೊತೆಗೆ ಇವೆಯಾ ಅಂತಲೂ ನೋಡಿ.

ಅನುಪಾತ, ಅಂದರೆ ಅಕ್ಷರ ಎಷ್ಟು ಪಟ್ಟು ಸಣ್ಣದಾಗಬೇಕು ಅನ್ನುವುದು, ಇಡುವಾಗ ಎರಡೂ ತೋಳಿನಲ್ಲಿ ಒಂದೇ ಅಂಕಿ ಇರಬೇಕು. ಒಂದರಲ್ಲಿ 4, ಇನ್ನೊಂದರಲ್ಲಿ ಕೂದಲೆಳೆ ಆಚೆ ಇದ್ದರೂ ಅಕ್ಷರ ಸೊಟ್ಟಗಾಗುತ್ತದೆ. ಸುಮ್ನೆ ಒಂದು ಸ್ಟೀಲ್ ಸ್ಕೇಲಿನ ಅಂಚಿಗೆ ಸ್ಟೈಲಸ್ ತಾಗಿಸಿ ಎಳೆಯಿರಿ. ಬೇಡದ ತಗಡಿನ ಮೇಲೆ ಗೆರೆ ನೇರವಾಗಿ ಬಂದರೆ ಸರಿ.

ಈಗ ನಿಜವಾದ ವಿಷಯಕ್ಕೆ ಬರೋಣ. ಈ ಯಂತ್ರಗಳ ಜೊತೆ ಸಿಗುವ ಹಿತ್ತಾಳೆ ಅಕ್ಷರಗಳು ಇಂಗ್ಲಿಷಿನವು. 26 ಅಕ್ಷರ, 10 ಅಂಕಿ, ಮುಗಿಯಿತು. ಕನ್ನಡದಲ್ಲಿ ಕಾಗುಣಿತವೇ 400 ದಾಟುತ್ತದೆ. ಒತ್ತಕ್ಷರ ಬೇರೆ! ‘ಕ್ಷ್ಮೀ’ ನೋಡಿ. ಷ ಒತ್ತು, ಮ ಒತ್ತು, ಪಕ್ಕದಲ್ಲಿ ದೀರ್ಘ. ಇದನ್ನು ಬಿಡಿ ಅಚ್ಚುಗಳಿಂದ ಜೋಡಿಸುವುದು ಆಗದ ಮಾತು. ಹಾಗಾಗಿ ನಾನು ಇಡೀ ಹೆಸರಿಗೇ ಒಂದು ಟೆಂಪ್ಲೇಟ್, ಅಂದರೆ ಸ್ಟೈಲಸ್ ಆಡಿಸುವ ಮಾದರಿ, ಮಾಡುತ್ತೇನೆ.

[ದೃಶ್ಯ: ಗ್ರಾಫ್ ಹಾಳೆ, ಪೆನ್ಸಿಲ್]

ಫಲಕದಲ್ಲಿ ಅಕ್ಷರ 15 ಮಿ.ಮೀ. ಎತ್ತರ ಬೇಕು. ಅನುಪಾತ 4 ಇಟ್ಟರೆ ಹಾಳೆಯಲ್ಲಿ 60 ಮಿ.ಮೀ. ಬರೆಯಬೇಕು. ಕಂಪ್ಯೂಟರ್ ಫಾಂಟಿನಲ್ಲಿ ಇರುವುದು ಅಕ್ಷರದ ಹೊರಗೆರೆ. ನಮಗೆ ಬೇಕಿರುವುದು ಸ್ಟೈಲಸ್ ಓಡುವ ನಡುಗೆರೆ. ಅದಕ್ಕೇ ಕೈಯಲ್ಲೇ ಬರೆಯುತ್ತೇನೆ. ಫಲಕದ ಮೇಲೆ ಗೆರೆ 0.6 ಮಿ.ಮೀ. ಅಗಲ, ಎರಡು ಗೆರೆಗಳ ನಡುವೆ ಕಡಿಮೆ ಅಂದರೂ 0.4 ಮಿ.ಮೀ. ಗೋಡೆ ಉಳಿಯಬೇಕು. ಅಂದರೆ ಹಾಳೆಯಲ್ಲಿ ಒಂದು ನಡುಗೆರೆಯಿಂದ ಇನ್ನೊಂದಕ್ಕೆ 4 ಮಿ.ಮೀ. ಇದಕ್ಕಿಂತ ಹತ್ತಿರ ಬಂದರೆ ಮ ಒತ್ತಿನ ಸುರುಳಿ ಮುಚ್ಚಿಹೋಗುತ್ತದೆ.

ಆ ಚಿತ್ರವನ್ನು ಲೇಸರ್ ಅಂಗಡಿಗೆ ಕೊಟ್ಟು ಅಕ್ರಿಲಿಕ್‌ನಲ್ಲಿ 2 ಮಿ.ಮೀ. ಅಗಲದ ಕಾಲುವೆ ಮಾಡಿಸುತ್ತೇನೆ. ಹಾಗಾದರೆ ಫಲಕವನ್ನೂ ಅಲ್ಲೇ ಮಾಡಿಸಬಹುದಲ್ವಾ? ಆಗಲ್ಲ. ಅಕ್ರಿಲಿಕ್ ಕತ್ತರಿಸುವ ಮಾಮೂಲಿ ಸಿಒ2 ಲೇಸರ್ ಹಿತ್ತಾಳೆಯನ್ನು ಕೊರೆಯುವುದಿಲ್ಲ, ಅದರ ಬೆಳಕನ್ನು ಹಿತ್ತಾಳೆ ವಾಪಸ್ ಕಳಿಸುತ್ತದೆ. ಇಲ್ಲಿ ಹಳೇ ಯಂತ್ರ ಗೆಲ್ಲುತ್ತದೆ. ನನಗೆ ಇದರ ಮೇಲೆ ಇಷ್ಟು ಪ್ರೀತಿ ಇರುವುದೇ ಇದಕ್ಕೆ. ನಮ್ಮ ಕೈಬರಹ ಹಾಗೇ ಲೋಹಕ್ಕೆ ಇಳಿಯುತ್ತದೆ.

ಕೈ ನಡುಗಿದರೆ? ಕಾಲುವೆ 2 ಮಿ.ಮೀ., ಸ್ಟೈಲಸ್ 1.5 ಮಿ.ಮೀ. ಇದ್ದರೆ ಅರ್ಧ ಮಿಲಿಮೀಟರ್ ಸಡಿಲ. ಫಲಕದಲ್ಲಿ ಅದು ಅದರ ಕಾಲುಭಾಗ. ಆದರೂ ಕಾಲುವೆಗೆ ಸರಿಯಾಗಿ ಕೂರುವ ಸ್ಟೈಲಸ್ ಹಾಕಿದರೆ ಇನ್ನೂ ಒಳ್ಳೆಯದು.

[ದೃಶ್ಯ: ಭೂತಗನ್ನಡಿಯಲ್ಲಿ ಕಟ್ಟರ್ ತುದಿ]

ಕಟ್ಟರ್ ಅಂದರೆ ದುಂಡು ಕಡ್ಡಿಯನ್ನು ತುದಿಯಲ್ಲಿ ಸರಿಯಾಗಿ ಅರ್ಧಕ್ಕೆ ಉಜ್ಜಿ, ಹಿಂಭಾಗ ಇಳಿಜಾರು ಮಾಡಿದ್ದು. ಅರ್ಧಕ್ಕಿಂತ ಜಾಸ್ತಿ ಉಳಿದರೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ. ಗೆರೆಯ ಅಂಚಿನಲ್ಲಿ ಬರ್, ಅಂದರೆ ಲೋಹದ ಚೂಪು ಸಿಬಿರು, ಎದ್ದರೆ ಯಂತ್ರವನ್ನು ಬೈಯಬೇಡಿ, ಕಟ್ಟರ್ ಮೊಂಡಾಗಿದೆ. ಅಂಗಡಿಯಲ್ಲಿ ನನ್ನ ಹೆಚ್ಚು ಹೊತ್ತು ಹೋಗುವುದು ಇದನ್ನು ಚೂಪು ಮಾಡುವುದರಲ್ಲೇ.

ಫಲಕ ಸಪಾಟಾಗಿರಬೇಕು. ತುದಿಯ ಪೂರ್ತಿ ಕೋನ 60 ಡಿಗ್ರಿ ಇರುವ ಕಟ್ಟರ್ 0.1 ಮಿ.ಮೀ. ಹೆಚ್ಚು ಇಳಿದರೆ ಗೆರೆ ಅಷ್ಟೇ, ಇನ್ನೂ ಸ್ವಲ್ಪ ಜಾಸ್ತಿಯೇ, ದಪ್ಪವಾಗುತ್ತದೆ. ಕಣ್ಣಿಗೆ ಕಾಣುತ್ತದೆ. ನಾನು ಎರಡೂ ಕಡೆ ಅಂಟುವ ಟೇಪ್ ಹಾಕಿ ಕೂರಿಸುತ್ತೇನೆ.

ಈಗ ಕನ್ನಡಕ ಹಾಕಿ. ಮೊದಲು ಸ್ಟೈಲಸ್ ಕಾಲುವೆಗೆ, ಆಮೇಲೆ ಕಟ್ಟರ್ ಕೆಳಗೆ. ಎತ್ತುವಾಗ ಇದು ಉಲ್ಟಾ. ಒಮ್ಮೆ ಇದನ್ನು ಮರೆತು ಗಿರಾಕಿಯ ಫಲಕಕ್ಕೆ ಉದ್ದಕ್ಕೂ ಗೀರು ಹಾಕಿದ್ದೆ, ಹೊಸ ಹಿತ್ತಾಳೆ ತಂದು ಮತ್ತೆ ಮಾಡಿಕೊಟ್ಟೆ. ಮೊದಲ ಸುತ್ತು ಹಗುರ, ಎರಡನೇ ಸುತ್ತಿಗೆ ಪೂರ್ತಿ ಆಳ. ಹಿತ್ತಾಳೆಗೆ ಎಣ್ಣೆ ಬೇಡ. ಅಲ್ಯುಮಿನಿಯಂ ಆದರೆ ಒಂದು ಹನಿ ಸೀಮೆಎಣ್ಣೆ.

[ದೃಶ್ಯ: ಕಪ್ಪು ಬಣ್ಣ ತುಂಬಿ ಒರೆಸುವುದು]

ಗೆರೆಗಳಿಗೆ ಎನಾಮಲ್ ಪೇಂಟ್ ತುಂಬಿ. ಸ್ವಲ್ಪ ಆರಿದ ಮೇಲೆ ಮೇಲ್ಮೈ ಒರೆಸಿ. ಬಟ್ಟೆಯನ್ನು ಮರದ ತುಂಡಿಗೆ ಬಿಗಿಯಾಗಿ ಸುತ್ತಿಕೊಳ್ಳಿ, ಬರೀ ಬಟ್ಟೆಯಾದರೆ ಗೆರೆಯೊಳಗಿನ ಬಣ್ಣವೂ ಎದ್ದು ಬರುತ್ತದೆ. ನೋಡಿ, ಮ ಒತ್ತಿನ ಸುರುಳಿ ತೆರೆದೇ ಇದೆ.