ಕೆಡವಿದ ಮನೆಯಲ್ಲಿ ಉಳಿದಿರುವ ಸಿಮೆಂಟು

ಕೇಳುಗರಿಗೆ ನಮಸ್ಕಾರ.

ನಮ್ಮ ಮಲೆನಾಡಿನ ಹಳೇ ಮನೆ ಕೆಡವಿದರೆ ಕಸ ಅಂತ ಉಳಿಯುತ್ತಿದ್ದದ್ದು ಕಡಿಮೆ. ಗೋಡೆಯ ಮಣ್ಣು ತೋಟಕ್ಕೆ ಹೋಗುತ್ತಿತ್ತು. ಜಂಬಿಟ್ಟಿಗೆ, ಹೆಂಚು, ಮರ ಕೊಟ್ಟಿಗೆಗೋ ಬಚ್ಚಲಿಗೋ ಒದಗುತ್ತಿದ್ದವು. ಆರ್‌ಸಿಸಿ ಮನೆ ಹಾಗಲ್ಲ. ಕಬ್ಬಿಣ ಗುಜರಿಗೆ ಹೋಗುತ್ತದೆ. ಉಳಿದದ್ದು ಟ್ರ್ಯಾಕ್ಟರಿನಲ್ಲಿ ಹೋಗಿ ಚಾನಲ್ ಪಕ್ಕದಲ್ಲೋ ಕೆರೆಯಂಚಿನಲ್ಲೋ ಬೀಳುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ರಾಶಿಯಲ್ಲಿ ಸಿಮೆಂಟಿದೆ.

ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿವರೆಗೆ ಕಾಯಿಸಬೇಕು. ಆಗ ಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಉರಿಸುವ ಕಲ್ಲಿದ್ದಲಿನಿಂದಲ್ಲ, ಆ ಕಲ್ಲಿನೊಳಗಿಂದಲೇ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಈ ಅನಿಲದಲ್ಲಿ ನೂರಕ್ಕೆ 7–8 ಪಾಲು ಸಿಮೆಂಟಿನದ್ದು. ಹಳೇ ಕಾಂಕ್ರೀಟಿನಲ್ಲಿರುವ ಸಿಮೆಂಟಿನಿಂದ ಅದು ಬಹುಪಾಲು ಆಗಲೇ ಹೊರಬಿದ್ದಾಗಿದೆ, ಅಲ್ವಾ? ಹಾಗಾಗಿ ಕಾಂಕ್ರೀಟನ್ನು ಪುಡಿಮಾಡಿ, ಜಲ್ಲಿ, ಮರಳು ಬೇರೆ ತೆಗೆದು, ಉಳಿದ ನುಣುಪು ಪುಡಿಯನ್ನು ಸುಮಾರು 500 ಡಿಗ್ರಿಗೆ ಕಾಯಿಸುತ್ತಾರೆ. ಒಳಗೆ ಕಟ್ಟಿಕೊಂಡಿದ್ದ ನೀರು ಬಿಡುತ್ತದೆ. ಮತ್ತೆ ನೀರು ಕಲಸಿದರೆ ಗಟ್ಟಿಯಾಗುವ ಗುಣ ತಿರುಗಿ ಬರುತ್ತದೆ. ಇದು ನೀರು ಜಾಸ್ತಿ ಕುಡಿಯುತ್ತದೆ. ಅದಕ್ಕೇ ಹೊಸ ಸಿಮೆಂಟಿನ ಜೊತೆ ಬೆರೆಸಿ ಬಳಸುವುದು ಒಳ್ಳೆಯದು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು 2024ರಲ್ಲಿ ಇನ್ನೊಂದು ದಾರಿ ಪ್ರಕಟಿಸಿದರು. ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವಾಗ ಕಲ್ಮಶ ಬೇರ್ಪಡಿಸಲು ಸುಣ್ಣ ಹಾಕುತ್ತಾರಷ್ಟೆ. ಅದರ ಬದಲು ಈ ಹಳೇ ಸಿಮೆಂಟ್ ಪುಡಿ ಹಾಕಿದರು. ಕರಗಿದ ಉಕ್ಕಿನ ಮೇಲೆ ತೇಲಿದ ಕಿಟ್ಟವನ್ನು, ಅಂದರೆ ಆ ಕಲ್ಮಶದ ಪದರವನ್ನು, ಬೇಗ ಆರಿಸಿ ಬೀಸಿದಾಗ ಅದೇ ಹೊಸ ಸಿಮೆಂಟಿನ ಮೂಲವಸ್ತುವಾಯಿತು. ಕಿಟ್ಟ ಅಂದರೇನು ಅಂತ ಭದ್ರಾವತಿಯವರಿಗೆ ಹೇಳಿಕೊಡಬೇಕಾಗಿಲ್ಲ. ಉಕ್ಕಿನ ಊರಿನ ಪಕ್ಕದಲ್ಲೇ ಇರುವ ನಾವು ಇದನ್ನು ಗಮನಿಸಲೇಬೇಕು.

ಇಟ್ಟಿಗೆ ಚೂರೂ ಸುಮ್ನೆ ಎಸೆಯುವಂಥದ್ದಲ್ಲ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದ ಸುರ್ಕಿ ಗಾರೆಯಲ್ಲೇ ಕನ್ನಂಬಾಡಿ ಕಟ್ಟೆ ಎದ್ದು ನಿಂತಿತು.

ಕಾರ್ಖಾನೆ ಬರುವವರೆಗೂ ಕಾಯಬೇಕಿಲ್ಲ. ಒಡೆದ ಕಾಂಕ್ರೀಟಿನ ಜಲ್ಲಿಯನ್ನು ಎಂ-25 ದರ್ಜೆಯವರೆಗಿನ (ಎಂ ಅಂದರೆ ಕಾಂಕ್ರೀಟಿನ ಬಲದ ದರ್ಜೆ) ಆರ್‌ಸಿಸಿಗೆ, ಹಾಕುವ ಜಲ್ಲಿಯಲ್ಲಿ ನೂರಕ್ಕೆ 20 ಪಾಲಿನವರೆಗೆ ಬಳಸಲು 2016ರ ಭಾರತೀಯ ಮಾನಕ ಒಪ್ಪುತ್ತದೆ. ಆದರೆ ಎಲ್ಲ ಒಟ್ಟಿಗೆ ಕಲಸಿಹೋದರೆ ಯಾವುದೂ ಆಗುವುದಿಲ್ಲ. ಮನೆ ಕೆಡವಿಸುವವರು ಮೇಸ್ತ್ರಿಗೆ ಮೊದಲೇ ಹೇಳಿ: ಕಾಂಕ್ರೀಟ್ ಒಂದು ಕಡೆ, ಇಟ್ಟಿಗೆ ಒಂದು ಕಡೆ. ಪಿಒಪಿ ಸೀಲಿಂಗನ್ನಂತೂ ಎಲ್ಲಕ್ಕಿಂತ ಮೊದಲು ಬಿಚ್ಚಿಸಿ, ದೂರ ಇಡಿಸಿ. ಅದರ ಜಿಪ್ಸಮ್ ಸೇರಿಕೊಂಡರೆ ಹೊಸ ಕಾಂಕ್ರೀಟು ಒಳಗೇ ಉಬ್ಬಿ ಬಿರುಕು ಬಿಡುತ್ತದೆ.

ನಮಸ್ಕಾರ.