ಸಿನಿಮಾ ಡಿಗ್ರಿ ಬೇಕಾ? ಯೂಟ್ಯೂಬ್ ಸಾಲದಾ?

ನಮಸ್ಕಾರ. ಪಿಯುಸಿ ರಿಸಲ್ಟ್ ಬಂತು. ತುಮಕೂರಿನ ಯಾವುದೋ ಮನೆಯಲ್ಲಿ ಈಗ ಒಬ್ಬಳು ಹುಡುಗಿ "ಡಿಗ್ರಿಗೆ ಸಿನಿಮಾ ತಗೋತೀನಿ ಅಪ್ಪ" ಅಂದಿರುತ್ತಾಳೆ. ಅಪ್ಪನ ಉತ್ತರವೂ ಗೊತ್ತಿರುವುದೇ. "ಅದಕ್ಕೆ ಕಾಲೇಜು ಯಾಕಮ್ಮ? ಯೂಟ್ಯೂಬಲ್ಲಿ ಎಲ್ಲಾ ಇದೆಯಲ್ಲ."

ಅರ್ಧ ನಿಜ. ಕ್ಯಾಮೆರಾ, ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ಅಲ್ಲೇ ಕಲಿಯಬಹುದು. ಅಷ್ಟಕ್ಕೇ ವರ್ಷಗಟ್ಟಲೆ ಫೀಸು ಕಟ್ಟುವುದು ದಂಡ. ಆದರೂ ನಾನು ಹುಡುಗಿಯ ಕಡೆ.

ಯಾಕೆ ಅಂತ ಹೇಳುತ್ತೇನೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೊವ್ ಅಂತ ಒಬ್ಬ ನಿರ್ದೇಶಕ ಇದ್ದ, ಸಿನಿಮಾ ಮೇಷ್ಟ್ರೂ ಹೌದು. ಒಬ್ಬ ನಟನ ಒಂದೇ ಮುಖದ ಶಾಟ್ ತೆಗೆದುಕೊಂಡು, ಅದಕ್ಕೆ ಒಮ್ಮೆ ಸೂಪಿನ ಬಟ್ಟಲು, ಇನ್ನೊಮ್ಮೆ ಶವಪೆಟ್ಟಿಗೆ ಜೋಡಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತಂತೆ. ಓದಿ ತಿಳಿಯೋಕೆ ಐದು ನಿಮಿಷ ಸಾಕು. ಈಗ ಮಾಡಿ ನೋಡಿ. ಗೆಳೆಯನ ಮುಖ, ಆಮೇಲೆ ಕ್ಯಾತಸಂದ್ರದ ತಟ್ಟೆ ಇಡ್ಲಿ. ಕ್ಲಾಸಿಗೆ ತೋರಿಸಿ. "ಹಸಿವು ಎಲ್ಲಿದೆ? ನಿದ್ದೆಗಣ್ಣು ಕಾಣ್ತಿದೆ" ಅನ್ನುತ್ತದೆ ಹಿಂದಿನ ಬೆಂಚು. ಶಾಟ್ ಉದ್ದ ಜಾಸ್ತಿ ಆಯ್ತಾ? ಅವನು ನೋಡುವ ದಿಕ್ಕು ತಪ್ಪಾ? ಆ ಜಗಳದಲ್ಲಿ ಎಡಿಟಿಂಗ್ ತಲೆಗೆ ಹತ್ತುತ್ತದೆ. ಆನ್‌ಲೈನಲ್ಲಿ ಹಾಕಿದರೆ "ಸೂಪರ್ ಬ್ರೋ" ಅಂತಾರೆ, ಮುಗೀತು.

"ರಾಜ್‌ಕುಮಾರ್ ಯಾವ ಡಿಗ್ರಿ ಓದಿದ್ರು?" ಅಂತ ಕೇಳುವವರಿದ್ದಾರೆ. ಸರಿ, ನಮ್ಮ ಜಿಲ್ಲೆಯ ಗುಬ್ಬಿಯನ್ನೇ ನೋಡಿ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರು ರಾಜ್‌ಕುಮಾರ್. ನಮ್ಮ ತಿಪಟೂರಿನ ನರಸಿಂಹರಾಜು ಕೂಡ ಅಲ್ಲಿದ್ದವರೇ. ಇಬ್ಬರೂ 1954ರಲ್ಲಿ 'ಬೇಡರ ಕಣ್ಣಪ್ಪ'ದಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ, ಎದುರಿಗೆ ಕೂತ ಜನ ಎಲ್ಲಿ ನಗುತ್ತಾರೆ, ಎಲ್ಲಿ ಆಕಳಿಸುತ್ತಾರೆ ಅಂತ ಚೆನ್ನಾಗಿ ಗೊತ್ತಿತ್ತು. ಈಗ ಹುಡುಗರನ್ನು ಹಾಗೆ ತಿದ್ದೋಕೆ ಊರೂರು ಸುತ್ತುವ ಅಂಥ ಕಂಪನಿ ಎಲ್ಲಿದೆ? ಆ ಕೆಲಸವನ್ನು ಕ್ಲಾಸ್‌ರೂಮೇ ಮಾಡಬೇಕು.

ಹಾಗಂತ ಈಗಲೇ ಸೇರದಿದ್ದರೆ ದಾರಿ ಮುಚ್ಚಿತು ಅಂತಲ್ಲ. ಗಿರೀಶ್ ಕಾಸರವಳ್ಳಿ ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದವರು. ಕೆಲಸದ ಗ್ಯಾರಂಟಿ? ಇಲ್ಲ. ಬಿಕಾಂಗೂ ಇಲ್ಲ ಬಿಡಿ.

ಅಪ್ಪಂದಿರೇ, ಅಡ್ಮಿಷನ್‌ಗೆ ಮುಂಚೆ ಮಗಳ ಜೊತೆ ಕಾಲೇಜಿಗೆ ಹೋಗಿ. ಹೋದ ವರ್ಷದ ಮಕ್ಕಳು ಮಾಡಿದ ಶಾರ್ಟ್ ಫಿಲ್ಮ್ ಒಂದನ್ನು ತೋರಿಸಿ ಅನ್ನಿ. ಅದರಲ್ಲಿ ಏನು ಸರಿಯಿಲ್ಲ ಅಂತ ಅಲ್ಲಿನ ಮೇಷ್ಟ್ರನ್ನೇ ಕೇಳಿ. ಅದು ಬಿಟ್ಟು ಹೊಸ ಕ್ಯಾಮೆರಾ, ಎಸಿ ಲ್ಯಾಬ್ ತೋರಿಸೋಕೆ ಕರೆದುಕೊಂಡು ಹೋದರೆ, ಫಾರಂ ತುಂಬಬೇಡಿ.