ತುತ್ತು ಎಣಿಸಬೇಡಿ, ಊಟದ ನಡುವಿನ ಹೊತ್ತು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆ, ಚಿತ್ರದುರ್ಗದ ಕಡೆ ಮಕ್ಕಳ ಡಾಕ್ಟರ ಹತ್ತಿರ ಬರುವ ತಾಯಂದಿರು ಮತ್ತೆಮತ್ತೆ ಹೇಳುವ ಮಾತೊಂದಿದೆ: “ಕೂಸು ಏನೂ ತಿನ್ನಲ್ಲ ಡಾಕ್ಟ್ರೇ, ಒಂದು ಟಾನಿಕ್ ಬರ್ಕೊಡ್ರಿ.” ಟಾನಿಕ್ಕಿಗೆ ಮೊದಲು, ಬೆಳಿಗ್ಗೆಯಿಂದ ಆ ಕೂಸಿನ ಹೊಟ್ಟೆಗೆ ಏನೇನು ಹೋಗಿದೆ ಅಂತ ಲೆಕ್ಕ ಹಾಕೋಣ.

ಎದ್ದ ಕೂಡಲೇ ಒಂದು ಲೋಟ ಹಾಲು. ಅಜ್ಜನ ಚಹಾದಲ್ಲಿ ಅದ್ದಿದ 2 ಬಿಸ್ಕತ್ತು. ಚಿಕ್ಕಪ್ಪ ತಂದುಕೊಟ್ಟ 5 ರೂಪಾಯಿಯ ಚಿಪ್ಸ್. 11 ಗಂಟೆಗೆ ಒಂದು ಹಿಡಿ ಮಂಡಕ್ಕಿ. ಅತ್ತಿತು ಅಂತ ಮತ್ತೆ ಬಾಟಲಿ ಹಾಲು. 1 ಗಂಟೆಗೆ ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತದೆ. ಇದನ್ನು ಹಠ ಅನ್ನಬೇಡಿ. ಅದಕ್ಕೆ ಹಸಿವೇ ಆಗಿಲ್ಲ.

ಮಗುವಿನ ಹೊಟ್ಟೆ ಹಿಡಿಯುವುದು ತೂಕದ ಕಿಲೋಗೆ ಸುಮಾರು 30 ಮಿಲಿ. 8 ಕಿಲೋ ಕೂಸಿಗೆ 240 ಮಿಲಿ, ಅಂದರೆ ಒಂದು ದೊಡ್ಡ ಲೋಟ, ಅಷ್ಟೇ. ಇನ್ನೊಂದು ಮಾತು. 3 ಕಿಲೋ ಹುಟ್ಟಿದ ಮಗು ವರ್ಷ ತುಂಬುವಾಗ 9 ಕಿಲೋ ಆಗಿರುತ್ತದೆ. ಎರಡನೇ ವರ್ಷ ಏರುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಮನೆಯವರು ಹೆದರಿ ಬಲವಂತ ಶುರುಮಾಡುವುದು ಸರಿಯಾಗಿ ಇದೇ ಹೊತ್ತಿಗೆ.

ಆದ್ದರಿಂದ ಕೆಲಸ ಹಂಚಿಕೊಳ್ಳಿ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಅನ್ನುವುದು ನಿಮ್ಮದು. ಎಷ್ಟು ತಿನ್ನಬೇಕು ಅನ್ನುವುದು ಮಗುವಿನದು. ವರ್ಷ ದಾಟಿದ ಮಗುವಿಗೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ ಸಾಕು. ಒಂದರಿಂದ ಒಂದಕ್ಕೆ ಎರಡೂವರೆ, ಮೂರು ಗಂಟೆ ಅಂತರವಿರಲಿ. ಆ ಅಂತರದಲ್ಲಿ ನೀರು ಬಿಟ್ಟು ಬೇರೇನೂ ಬೇಡ. ಹಾಲು ದಿನಕ್ಕೆ 400ರಿಂದ 500 ಮಿಲಿ ದಾಟಬಾರದು, ಅದೂ ಊಟವಾದ ಮೇಲೆ, ಲೋಟದಲ್ಲಿ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಬರೀ ಹಾಲು ಕುಡಿದ ಮಗು ರಕ್ತಹೀನತೆಯಿಂದ ಬಿಳಿಚಿಕೊಳ್ಳುತ್ತದೆ, ರಕ್ತಹೀನತೆಯಿಂದ ಹಸಿವು ಇನ್ನಷ್ಟು ಕುಗ್ಗುತ್ತದೆ, ಆಗ ಮನೆಯವರು ಮತ್ತಷ್ಟು ಹಾಲು ಕುಡಿಸುತ್ತಾರೆ. ಚಹಾ ಕೊಡಲೇಬೇಡಿ, ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಊಟ 20ರಿಂದ 30 ನಿಮಿಷ. ಆಮೇಲೆ ತಟ್ಟೆ ಎತ್ತಿಬಿಡಿ, ಬೈಗುಳವೂ ಬೇಡ, ಬದಲಿಗೆ ಬಿಸ್ಕತ್ತೂ ಬೇಡ. ಮೊದಲ ಮೂರು ನಾಲ್ಕು ದಿನ ರಚ್ಚೆ ಹಿಡಿಯುತ್ತದೆ. ಆಗ ಅಜ್ಜಿ, ತಾತ, ಅತ್ತೆ ಎಲ್ಲರದೂ ಒಂದೇ ಮಾತಾಗಿರಬೇಕು. ಒಬ್ಬರು ಕರಗಿ ಬಿಸ್ಕತ್ತು ಕೊಟ್ಟರೆ ಇಡೀ ವಾರದ ಶ್ರಮ ನೀರಿನಲ್ಲಿ ಹೋಯಿತು.

ಕಡಿಮೆ ತಿನ್ನುವ ಮಗುವಿಗೆ ತಿಂದಷ್ಟರಲ್ಲೇ ಸತ್ವ ಇರಬೇಕು. ನಮ್ಮಲ್ಲಿ ರಾಗಿ ಸರಿಯನ್ನು ನೀರು ನೀರಾಗಿ ಮಾಡುತ್ತೇವೆ. ಅದು ಹೊಟ್ಟೆ ತುಂಬಿಸುತ್ತದೆ, ತೂಕ ಏರಿಸುವುದಿಲ್ಲ. ಚಮಚ ವಾಲಿಸಿದರೆ ಸರಿ ಸುರಿಯಬಾರದು, ಮೆಲ್ಲಗೆ ಜಾರಬೇಕು. ಗಟ್ಟಿಯಾದರೆ ನುಂಗುವುದಿಲ್ಲ ಅನ್ನುವವರಿಗೆ ಮೊಳಕೆ ರಾಗಿ ಹಿಟ್ಟಿದೆ. ರಾಗಿಯನ್ನು 12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ಚೆನ್ನಾಗಿ ಒಣಗಿಸಿ ಬೀಸಿಕೊಳ್ಳಿ. ಗಟ್ಟಿ ಸರಿಯನ್ನು ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ, ಬಿಸಿ ಆರುವ ಮೊದಲು ಈ ಹಿಟ್ಟು ಅರ್ಧ ಚಮಚ ಹಾಕಿ ಕಲಕಿ. ಕಣ್ಣೆದುರೇ ಸರಿ ಸಡಿಲವಾಗುತ್ತದೆ, ಒಂದು ಹನಿ ನೀರು ಹಾಕದೆ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಗಂಜಿಯನ್ನು ಒಡೆಯುವುದರಿಂದ ಹೀಗಾಗುತ್ತದೆ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕುದಿಸಿ ಕೊಡಿ. ಸಡಿಲವಾಗಲಿಲ್ಲವೇ? ಮೊಳಕೆ ಕಾಳನ್ನು ಕೆಂಪಗೆ ಹುರಿದಿದ್ದೀರಿ ಅಥವಾ ಹಿಟ್ಟನ್ನು ಕೊತಕೊತ ಕುದಿಯುವಾಗ ಹಾಕಿದ್ದೀರಿ, ಕಿಣ್ವ ಸತ್ತಿದೆ. ಮೇಲೆ ಒಂದು ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ ಹಾಕಿದರೆ ಸುಮಾರು 45 ಕ್ಯಾಲೊರಿ ಸೇರಿತು. ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ ಬೆರೆಸಿ. ಇಡೀ ಕಾಳನ್ನು 5 ವರ್ಷದವರೆಗೆ ಕೊಡಬೇಡಿ, ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ.

ವರ್ಷವಾದರೂ ಚೂರು ಸಿಕ್ಕರೆ ಓಕರಿಸುವ ಮಕ್ಕಳಿದ್ದಾರೆ. ಹೆಚ್ಚಿನಂಶ ಅದು ಮಿಕ್ಸಿಯ ಅಭ್ಯಾಸ. 9–10 ತಿಂಗಳೊಳಗೆ ಹರಳು ಹರಳಾದ ಊಟ ನಾಲಿಗೆಗೆ ಪರಿಚಯವಾಗಬೇಕು. ತಡವಾಗಿದ್ದರೆ ಮಿಕ್ಸಿ ಬಿಟ್ಟು ಚಮಚದಲ್ಲಿ ಹಿಸುಕಿ; ವಾರದ ಮೇಲೆ ಬೆರಳಲ್ಲಿ ಹಿಸುಕಿ; ಆಮೇಲೆ ಮೆತ್ತಗೆ ಬೆಂದ ಚೂರು ಕೊಡಿ. ಮುದ್ದೆಯನ್ನೂ ಎಳೆಯದಾಗಿ ತೊಳಸಿ, ಕಡಲೆಕಾಳಿನಷ್ಟು ಚಿವುಟಿ, ಬೇಳೆ ಸಾರಿನಲ್ಲಿ ಅದ್ದಿ ಕೊಡಿ.

ಹೊಸ ತರಕಾರಿ ಒಂದೇ ದಿನಕ್ಕೆ ಒಗ್ಗುವುದಿಲ್ಲ. 8ರಿಂದ 15 ಸಲ ತಟ್ಟೆಯಲ್ಲಿ ಕಾಣಿಸಬೇಕು. ಹೆಬ್ಬೆರಳ ಉಗುರಿನಷ್ಟು ಬೆಂದ ಕುಂಬಳಕಾಯಿ, ಪಕ್ಕದಲ್ಲಿ ಅದಕ್ಕೆ ಪರಿಚಯದ ಅನ್ನ, ಬೇಳೆ. ಮುಟ್ಟಿ ಬಿಸಾಡಿದರೂ ಒಂದು ಸಲ ಲೆಕ್ಕಕ್ಕೆ ಬಂತು. ಮೂರು ಸಲ ನೋಡಿ ಕೈಬಿಡುವುದೇ ನಾವು ಮಾಡುವ ತಪ್ಪು.

ಮೊಬೈಲ್ ತೋರಿಸಿದರೆ ನಾಲ್ಕು ತುತ್ತು ಹೆಚ್ಚು ಹೋಗುತ್ತದೆ, ನಿಜ. ಆದರೆ ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವುದಿಲ್ಲ, ಮೊಬೈಲ್ ಇಲ್ಲದೆ ಬಾಯಿ ತೆರೆಯುವುದಿಲ್ಲ. ಇನ್ನು ಕಾಲ ಮೇಲೆ ಮಲಗಿಸಿ, ಮೂಗು ಹಿಡಿದು, ಒಳಲೆಯಲ್ಲಿ ಸುರಿಯುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಅಳುವ ಮಗು ಉಸಿರು ಎಳೆದುಕೊಂಡಾಗ ಸರಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಜೀವಕ್ಕೇ ಅಪಾಯ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ. ಕಾರ್ಡಿನಲ್ಲಿ ಗೆರೆ ಏರುತ್ತಿದ್ದರೆ ಅಕ್ಕಪಕ್ಕದವರ ಮಾತಿಗೆ ಹೆದರಬೇಡಿ. ಎರಡು ಮೂರು ತಿಂಗಳು ತೂಕ ಏರದಿದ್ದರೆ, ಪ್ರತಿ ಊಟಕ್ಕೂ ಕೆಮ್ಮು ವಾಂತಿ ಬಂದರೆ, ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿದ್ದರೆ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಯ ಹತ್ತಿರ ಸಿಗುವ ಕಬ್ಬಿಣಾಂಶದ ಸಿರಪ್ಪು 6 ತಿಂಗಳಿಂದ 5 ವರ್ಷದವರೆಗೆ ವಾರಕ್ಕೆ 2 ಸಲ, ಸಲಕ್ಕೆ 1 ಮಿಲಿ. ಮಲ ಕಪ್ಪಾದರೆ ಗಾಬರಿಪಟ್ಟು ನಿಲ್ಲಿಸಬೇಡಿ, ಅದು ಕಬ್ಬಿಣದ ಬಣ್ಣ.

ನಮಸ್ಕಾರ.